ಮನೆ ಹೆಸರಿಗೆ ಬೆಲೆ ಕಟ್ಟುವಂತಿಲ್ಲ: ಕೊಡಗಿನ ಹಾಕಿಯಲ್ಲಿ ಹಣ, ನೌಕರಿ ಮತ್ತು ಆಟಗಾರರ ವರ್ಗಾವಣೆ

ಏಪ್ರಿಲ್ ತಿಂಗಳಲ್ಲಿ ನಾಪೋಕ್ಲು ಕಡೆಗೋ ಮಡಿಕೇರಿ ಕಡೆಗೋ ಹೋಗುವ ಬಸ್ಸಿನಲ್ಲಿ ಕೂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: “ನಿಮ್ಮದು ಇವತ್ತು ಯಾರ ಮೇಲೆ?”

ಇಲ್ಲಿ ‘ನಿಮ್ಮದು’ ಎಂದರೆ ನಿಮ್ಮ ಊರಿನ ತಂಡವಲ್ಲ, ನೀವು ಮೆಚ್ಚಿದ ಕ್ಲಬ್ಬೂ ಅಲ್ಲ. ನಿಮ್ಮ ಮನೆ ಹೆಸರು. ಕೊಡವ ಕೌಟುಂಬಿಕ ಹಾಕಿಯಲ್ಲಿ ಆಡುವುದು ಒಕ್ಕಗಳು. ಅಜ್ಜ, ಮೊಮ್ಮಗ, ಅತ್ತಿಗೆ, ಬೆಂಗಳೂರಿನಿಂದ ರಜೆ ಹಾಕಿ ಬಂದ ಸೋದರ, ಎಲ್ಲರೂ ಒಂದೇ ಮನೆ ಹೆಸರಿನ ಕೆಳಗೆ ಸ್ಟಿಕ್ ಹಿಡಿದು ನಿಲ್ಲುತ್ತಾರೆ.

ಬೇರೆ ಯಾವ ಪಂದ್ಯಾವಳಿಗೆ ಹೋದರೂ ಜನ ಮೊದಲು ಕೇಳುವುದು, “ಈ ಸಲ ಯಾರನ್ನು ತಂದಿದ್ದಾರೆ?” ಎಂದು. ಇಲ್ಲಿ ಆ ಪ್ರಶ್ನೆಗೆ ಅರ್ಥವೇ ಇಲ್ಲ. ಫಾರ್ವರ್ಡ್ ಆಟಗಾರ ಬೇಕೆಂದರೆ ಒಕ್ಕದಲ್ಲಿ ಹುಟ್ಟಿರಬೇಕು. ದುಡ್ಡು ಕೊಟ್ಟು ತರುವಂತಿಲ್ಲ.

ಅದೇ ಕೊಡಗಿನ ಹುಡುಗರಿಗೆ ದೆಹಲಿಯ ಹರಾಜಿನಲ್ಲಿ ಡಾಲರ್ ಲೆಕ್ಕದಲ್ಲಿ ಬೆಲೆ ಕೂಗಿದ್ದೂ ಇದೆ. ಕೊಳ್ಳಲಾಗದ ಆಟ, ಕೊಳ್ಳುವ ಆಟ ಎರಡೂ ಒಂದೇ ಜಿಲ್ಲೆಯಲ್ಲಿ ಬೆಳೆದಿವೆ. ಗೆಲುವು ಯಾರ ಕಡೆ ಹೋಯಿತು, ಊರಿಗೆ ಉಳಿದದ್ದೇನು ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರೋಣ.

ಮೊದಲ ಬೆಲೆ: ಒಂದು ನೌಕರಿ

ನಮ್ಮಲ್ಲಿ ವರ್ಗಾವಣೆ ಎಂದರೆ ಮೇಷ್ಟ್ರಿಗೋ ಪೊಲೀಸರಿಗೋ ಆಗುವಂಥದ್ದು. ಕೊಡಗಿನ ಹಾಕಿ ಆಟಗಾರರ ಮೊದಲ ವರ್ಗಾವಣೆಯೂ ಹೆಚ್ಚುಕಮ್ಮಿ ಹಾಗೆಯೇ, ನೌಕರಿಯ ಆದೇಶದ ಮೇಲೆ ಆಯಿತು.

ಹಾಕಿ ಇಲ್ಲಿ ಬೇರೂರಿದ್ದು ಸೇನೆಯ ನಂಟಿನಿಂದ. ಮನೆಗೊಬ್ಬರು ಸೇನೆಯಲ್ಲಿದ್ದ ಊರುಗಳಿಗೆ ರಜೆಯ ಮೇಲೆ ಬಂದವರು ಆಟವನ್ನೂ ತಂದರು. ಗದ್ದೆ ಕೊಯ್ಲಾದ ಮೇಲೆ ಅಲ್ಲೇ ಮೈದಾನ. ಅಲ್ಲಿ ಚೆನ್ನಾಗಿ ಆಡಿದವನಿಗೆ ಮುಂದೆ ಎರಡೇ ದಾರಿ: ಸೇನೆ, ಇಲ್ಲವೇ ಆಟಗಾರರಿಗೆ ಕೆಲಸ ಕೊಡುವ ದೊಡ್ಡ ಸಂಸ್ಥೆ.

ಎಂ.ಪಿ. ಗಣೇಶ್ ಅವರನ್ನೇ ನೋಡಿ. ಅವರು ಮೊದಲು ಕೊಡಗು ಜಿಲ್ಲೆಯ ಪರವಾಗಿ ಆಡಿದ್ದು ಫುಟ್‌ಬಾಲ್. ಸೇನೆ ಸೇರಿದ ಮೇಲೆ ಹಾಕಿಯಲ್ಲಿ ಸರ್ವಿಸಸ್ ತಂಡದವರಾದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿ ಬೆಳ್ಳಿ ತಂದರು. ಅವರನ್ನು ಆಟಗಾರನನ್ನಾಗಿ ಬೆಳೆಸಿದ್ದರಲ್ಲಿ ಕೊಡಗಿನ ಪಾಲೂ ಇದೆ, ಸೇನೆಯ ಪಾಲೂ ಇದೆ. ಆದರೆ ರಾಷ್ಟ್ರೀಯ ಪಂದ್ಯಾವಳಿಯ ಪಟ್ಟಿಯಲ್ಲಿ ಬರುವುದು ಸರ್ವಿಸಸ್ ಹೆಸರು.

ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾದರು. ಅವರ ಉದ್ಯೋಗ ಮುಂಬೈನಲ್ಲಿ, ಭಾರತ್ ಪೆಟ್ರೋಲಿಯಂನಲ್ಲಿ. ಮುಂದಿನ ತಲೆಮಾರಿನ ಅರ್ಜುನ್ ಹಾಲಪ್ಪ ಏರ್ ಇಂಡಿಯಾದಲ್ಲಿ, ವಿ.ಆರ್. ರಘುನಾಥ್ ಇಂಡಿಯನ್ ಆಯಿಲ್‌ನಲ್ಲಿ. ರೈಲ್ವೆ, ಪಂಜಾಬ್ ಪೊಲೀಸ್, ಬ್ಯಾಂಕುಗಳು ಕೂಡ ಹೀಗೆಯೇ ತಂಡ ಕಟ್ಟಿದವು.

ಇದರಲ್ಲಿ ವರ್ಗಾವಣೆ ಶುಲ್ಕ ಎಂಬುದಿರಲಿಲ್ಲ. ತಿಂಗಳ ಸಂಬಳ, ಕ್ವಾರ್ಟರ್ಸ್, ಕೊನೆಗೆ ಪಿಂಚಣಿ, ಇವೇ ಬೆಲೆ. ಕಾಫಿಯ ದರ ಒಂದು ವರ್ಷ ಏರಿ ಮರುವರ್ಷ ಬೀಳುವ ನಾಡಿನಲ್ಲಿ ಖಾಯಂ ನೌಕರಿ ಬೇಡ ಎನ್ನುವವರು ಯಾರು? ಹುಡುಗ ಹೋದ. ಹೋಗಿದ್ದು ತಪ್ಪೂ ಅಲ್ಲ. ಆದರೆ ಯಾರು ಹೆಚ್ಚು ನೌಕರಿ ಕೊಡಬಲ್ಲರೋ ಅವರ ತಂಡವೇ ಬಲಿಷ್ಠವಾಗುತ್ತಾ ಹೋಯಿತು. ಆಟಗಾರ ಹುಟ್ಟಿದ ಜಿಲ್ಲೆಯ ಹೆಸರು ಅವನ ಪರಿಚಯದ ಒಂದು ಸಾಲಿನಲ್ಲಿ ಮಾತ್ರ ಉಳಿಯಿತು.

1997, ಕರಡ: ಬೇರೆಯೇ ಒಂದು ನಿಯಮ

ಇಂಥ ಹೊತ್ತಿನಲ್ಲಿ ಬ್ಯಾಂಕ್ ಉದ್ಯೋಗಿಯಾಗಿದ್ದ ಪಾಂಡಂಡ ಕುಟ್ಟಪ್ಪ ಒಂದು ಹೊಸ ಯೋಚನೆ ಮಾಡಿದರು. ಹೊರಗೆ ಚದುರಿಹೋದ ಕುಟುಂಬಗಳನ್ನು ವರ್ಷಕ್ಕೊಮ್ಮೆ ಒಂದೆಡೆ ಸೇರಿಸಬೇಕು, ಅದಕ್ಕೆ ಹಾಕಿಯೇ ನೆಪವಾಗಬೇಕು ಎಂಬುದು ಅವರ ಆಸೆ. 1997ರಲ್ಲಿ ವಿರಾಜಪೇಟೆ ಬಳಿಯ ಕರಡದಲ್ಲಿ ಮೊದಲ ಪಂದ್ಯಾವಳಿ ನಡೆಯಿತು. ಬಂದದ್ದು 60 ಕುಟುಂಬಗಳ ತಂಡ.

ಆಮೇಲೆ ಪ್ರತಿವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸುವ ಪದ್ಧತಿ ಬಂತು. ಕಪ್‌ಗೆ ಆ ಒಕ್ಕದ ಹೆಸರೇ. ತಂಡಗಳ ಸಂಖ್ಯೆ ಏರುತ್ತಲೇ ಹೋಯಿತು. 2023ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಅಪ್ಪಚೆಟ್ಟೋಳಂಡ ಕಪ್‌ನಲ್ಲಿ 336 ತಂಡ. 2024ರ ಕುಂಡ್ಯೋಳಂಡ ಕಪ್‌ನಲ್ಲಿ 360. ಅದು ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಮುದ್ದಂಡ ಕಪ್‌ನಲ್ಲಿ 396. ಅದು 25ನೆಯ ವರ್ಷದ ಪಂದ್ಯಾವಳಿ.

ಹಣ ಇಲ್ಲಿಯೂ ಓಡಾಡುತ್ತದೆ. ಸುಮಾರು ಒಂದು ತಿಂಗಳು ಮೈದಾನ ಸಿದ್ಧವಿರಬೇಕು, ಗ್ಯಾಲರಿ ಕಟ್ಟಬೇಕು, ತೀರ್ಪುಗಾರರು, ಊಟ, ಬಹುಮಾನ ಎಲ್ಲ ನೋಡಿಕೊಳ್ಳಬೇಕು. ಆತಿಥ್ಯ ವಹಿಸುವ ಒಕ್ಕ ತನ್ನೊಳಗೆ ವಂತಿಗೆ ಎತ್ತುತ್ತದೆ. ಪ್ರಾಯೋಜಕರು ಬರುತ್ತಾರೆ. ಸರ್ಕಾರವೂ ಅನುದಾನ ಕೊಟ್ಟಿದೆ. ಆದರೆ ಆ ಹಣದಿಂದ ಕೊಳ್ಳಬಹುದಾದದ್ದು ಪೆಂಡಾಲು, ನೀರು, ದೀಪ. ಒಬ್ಬ ಗೋಲ್‌ಕೀಪರನ್ನು ಕೊಳ್ಳಲು ಆಗದು.

ಕೊಡವ ಪದ್ಧತಿಯಲ್ಲಿ ಒಬ್ಬರು ಒಂದು ಒಕ್ಕದಿಂದ ಇನ್ನೊಂದು ಒಕ್ಕಕ್ಕೆ ಸೇರುವುದೆಂದರೆ ಮುಖ್ಯವಾಗಿ ಮದುವೆಯಲ್ಲಿ, ಸಂಬಂಧ ಕೊಡುವ ಶಾಸ್ತ್ರ ಮುಗಿದ ಮೇಲೆ. ಸೆಂಟರ್ ಹಾಫ್ ಬೇಕೆಂದು ಯಾರೂ ಮದುವೆ ಮಾಡಿಸುವುದಿಲ್ಲ!

ಹಾಗೆಂದು ಎಲ್ಲರೂ ಸಮಾನರು ಎಂದೇನಲ್ಲ. ದೊಡ್ಡ ಒಕ್ಕಕ್ಕೆ ಆಯ್ಕೆ ಹೆಚ್ಚು. ಚಿಕ್ಕ ಒಕ್ಕ ಹನ್ನೊಂದು ಜನರನ್ನು ಹೊಂದಿಸಲು ಅರವತ್ತು ದಾಟಿದವರಿಗೂ ಹೈಸ್ಕೂಲ್ ಹುಡುಗಿಗೂ ಜೆರ್ಸಿ ಹಾಕಿಸುತ್ತದೆ. ಸೇನೆಯಲ್ಲೋ ಕ್ರೀಡಾ ಕೋಟಾದ ನೌಕರಿಯಲ್ಲೋ ಇಬ್ಬರು ಮೂವರು ಇದ್ದರೆ ಆ ತಂಡದ ನಡೆಯೇ ಬೇರೆ. ಹೊರಗಿನ ಹಣ ಬೆಳೆಸಿದ ಆಟ ಹೀಗೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ವ್ಯತ್ಯಾಸ ಒಂದೇ: ಅವನು ಬರುವುದು ಹಣಕ್ಕಾಗಿ ಅಲ್ಲ, ಮನೆ ಹೆಸರಿಗಾಗಿ.

ಬಾಗಿಲು ಯಾರಿಗೆ ತೆರೆದಿದೆ?

ಈ ನಿಯಮವನ್ನು ಹೊಗಳುವಾಗ ಇನ್ನೊಂದು ಮುಖವನ್ನೂ ಹೇಳಬೇಕು. ಹಣವನ್ನು ಹೊರಗಿಟ್ಟ ಗೋಡೆಯೇ ಬೇರೆ ಹುಡುಗರನ್ನೂ ಹೊರಗಿಡುತ್ತದೆ.

ಎಸ್.ವಿ. ಸುನಿಲ್ ಅವರ ಪೂರ್ಣ ಹೆಸರು ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್. ಹೆಸರಿನಲ್ಲಿ ಊರಿದೆ, ಒಕ್ಕವಿಲ್ಲ. 2012 ಮತ್ತು 2016ರ ಒಲಿಂಪಿಕ್ಸ್ ಆಡಿದ, ವೇಗಕ್ಕೆ ಹೆಸರಾದ ಈ ಫಾರ್ವರ್ಡ್ ಆಟಗಾರನಿಗೆ ಕೌಟುಂಬಿಕ ಕಪ್‌ನಲ್ಲಿ ಜಾಗವಿಲ್ಲ. ಹಾತೂರಿನ ರಘುನಾಥ್ ಅವರಿಗೂ ಅಷ್ಟೇ. ಕೊಡಗಿನ ಹಾಕಿ ಎಂದರೆ ಕೌಟುಂಬಿಕ ಹಾಕಿಯೊಂದೇ ಅಲ್ಲ ಎಂಬುದಕ್ಕೆ ಇವರಿಬ್ಬರ ಹೆಸರು ಸಾಕು.

ಬೇರೆ ಸಮುದಾಯಗಳೂ ಇದೇ ದಾರಿ ಹಿಡಿದವು. ಅರೆಭಾಷೆ ಗೌಡ ಕುಟುಂಬಗಳ ಕ್ರಿಕೆಟ್ ಪಂದ್ಯಾವಳಿ ಮಡಿಕೇರಿಯಲ್ಲಿ ನಡೆಯುತ್ತದೆ. ಒಳ್ಳೆಯದೇ. ಆದರೆ ತೋಟದ ಲೈನ್ ಮನೆಯಲ್ಲಿರುವ, ಇಂಥ ಯಾವ ಪಂದ್ಯಾವಳಿಯೂ ಇಲ್ಲದ ಹುಡುಗ ಎಲ್ಲಿ ಆಡಬೇಕು? ಅವನಿಗೆ ಉಳಿಯುವುದು ಶಾಲೆ, ಕಾಲೇಜು, ಕ್ರೀಡಾ ವಸತಿ ನಿಲಯ.

ಕಾಲೇಜು: ಊಟ, ಹಾಸ್ಟೆಲ್, ಸೀಟು

ಕೊಡಗಿನಲ್ಲಿ ಇದಕ್ಕೆ ವ್ಯವಸ್ಥೆ ಇಲ್ಲವೆಂದಲ್ಲ. ಕೂಡಿಗೆಯಲ್ಲಿ ಕ್ರೀಡಾ ಶಾಲೆ ಇದೆ. ಪೊನ್ನಂಪೇಟೆಯಲ್ಲಿ ಕ್ರೀಡಾ ವಸತಿ ನಿಲಯ, ಹಾಕಿ ಟರ್ಫ್ ಇದೆ. ಮಡಿಕೇರಿಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ. ಇಲ್ಲಿ ಆಯ್ಕೆಯಾದರೆ ಊಟ, ವಸತಿ, ತರಬೇತಿ ಸಿಗುತ್ತದೆ. ಬಡವರ ಮನೆಯ ಮಗುವಿಗೆ ಇದೇ ಮೊದಲ ಮೆಟ್ಟಿಲು.

ಮುಂದಿನ ಮೆಟ್ಟಿಲು ಕಾಲೇಜು. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಬರುವ ತನಕ ಇಲ್ಲಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದಲ್ಲಿದ್ದವು. ಅದೇ ವಿಶ್ವವಿದ್ಯಾಲಯದಲ್ಲಿ ಮೂಡುಬಿದಿರೆಯ ಆಳ್ವಾಸ್ ಕಾಲೇಜು ಕೂಡ. ಆಳ್ವಾಸ್‌ನ ಕ್ರೀಡಾ ದತ್ತು ಯೋಜನೆ ರಾಜ್ಯಕ್ಕೆಲ್ಲ ಗೊತ್ತು. ಆಯ್ಕೆಯಾದ ಆಟಗಾರನಿಗೆ ಶುಲ್ಕವಿಲ್ಲ, ಹಾಸ್ಟೆಲ್ ಉಚಿತ, ಊಟ ಉಚಿತ, ಜೊತೆಗೆ ತರಬೇತುದಾರರು, ಟ್ರ್ಯಾಕು. ಬೇರೆ ಬೇರೆ ಜಿಲ್ಲೆಗಳ, ಹೊರರಾಜ್ಯಗಳ ಮಕ್ಕಳು ಅಲ್ಲಿ ಸೇರಿದರು. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹಲವು ಬಾರಿ ಪ್ರಶಸ್ತಿ ಎತ್ತಿದ್ದು ಬಹುಪಾಲು ಅವರ ಬಲದಿಂದ.

ಇದನ್ನು ಎರಡು ರೀತಿ ನೋಡಬಹುದು. ಒಂದು ಸಂಸ್ಥೆ ಹಣ ತೊಡಗಿಸಿದ್ದರಿಂದ ನೂರಾರು ಬಡ ಮಕ್ಕಳು ಓದಿದರು, ಓಡಿದರು, ನೌಕರಿ ಹಿಡಿದರು. ಇದು ದೊಡ್ಡ ಮಾತು. ಇನ್ನೊಂದು, ಅಂಥ ಶಕ್ತಿ ಇಲ್ಲದ ಚಿಕ್ಕ ಕಾಲೇಜು ಒಳ್ಳೆಯ ಆಟಗಾರನನ್ನು ಹೆಚ್ಚು ದಿನ ಉಳಿಸಿಕೊಳ್ಳಲಾರದು. ಪಿಯುಸಿ ಮುಗಿಯುತ್ತಿದ್ದಂತೆ ಅವನು ಸೌಲಭ್ಯ ಇರುವ ಕಡೆ ಹೋಗುತ್ತಾನೆ. ಪದಕದ ಪಟ್ಟಿಯಲ್ಲಿ ಮೇಲಿರುವ ಕಾಲೇಜು ಎಷ್ಟು ಮಕ್ಕಳನ್ನು ಮೊದಲಿನಿಂದ ಕಲಿಸಿತು, ಎಷ್ಟು ಮಕ್ಕಳನ್ನು ಕಲಿತ ಮೇಲೆ ಸೇರಿಸಿಕೊಂಡಿತು ಎಂಬುದು ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ಅಮೆರಿಕದಲ್ಲಿ ಈ ಕಥೆ ಬಹಳ ದೂರ ಹೋಗಿದೆ. ಅಲ್ಲಿನ ಕಾಲೇಜು ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ದಶಕಗಳ ಕಾಲ ಅಲ್ಲಿ ಆಟಗಾರನಿಗೆ ಸಿಗುತ್ತಿದ್ದುದು ವಿದ್ಯಾರ್ಥಿವೇತನ, ಊಟ, ವಸತಿ ಮಾತ್ರ. 2018ರಲ್ಲಿ ಕಾಲೇಜು ಬದಲಿಸಲು ಬಯಸುವವರ ಹೆಸರು ನೋಂದಾಯಿಸುವ ಆನ್‌ಲೈನ್ ವ್ಯವಸ್ಥೆ ಬಂತು. 2021ರಲ್ಲಿ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಹಣ ಗಳಿಸಲು ಅನುಮತಿ ಸಿಕ್ಕಿತು. ಅದೇ ವರ್ಷ, ಕಾಲೇಜು ಬದಲಿಸಿದವರು ಮೊದಲ ಸಲಕ್ಕೆ ಒಂದು ವರ್ಷ ಹೊರಗೆ ಕೂರಬೇಕೆಂಬ ನಿಯಮವೂ ಸಡಿಲವಾಯಿತು. 2025ರ ಒಪ್ಪಂದದ ಪ್ರಕಾರ ಒಂದು ವಿಶ್ವವಿದ್ಯಾಲಯ ತನ್ನ ಎಲ್ಲ ಕ್ರೀಡಾಪಟುಗಳಿಗೆ ಸೇರಿ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ನೇರವಾಗಿ ಕೊಡಬಹುದು.

ಇದರಿಂದ ಆಟಗಾರನಿಗೆ ನ್ಯಾಯ ಸಿಕ್ಕಿತು. ಅವನ ಬೆವರಿನಿಂದ ಕಾಲೇಜು ದುಡ್ಡು ಮಾಡಿ ಅವನಿಗೆ ಬರೀ ಊಟ ಹಾಕುವುದು ಸರಿಯಲ್ಲ ತಾನೆ? ಆದರೆ ಒಬ್ಬ ಹುಡುಗನನ್ನು ಎರಡು ವರ್ಷ ತಿದ್ದಿ ತೀಡಿದ ಸಣ್ಣ ಕಾಲೇಜು, ಅವನು ಚೆನ್ನಾಗಿ ಆಡತೊಡಗಿದ ವರ್ಷವೇ ಅವನನ್ನು ಕಳೆದುಕೊಳ್ಳುವುದು ಈಗ ಅಲ್ಲಿ ಮಾಮೂಲಿ.

ದೆಹಲಿಯ ಹರಾಜು

ನಮ್ಮ ಹುಡುಗರಿಗೆ ಬಹಿರಂಗವಾಗಿ ಬೆಲೆ ಕಟ್ಟಿದ ದಿನ 2012ರ ಡಿಸೆಂಬರ್‌ನಲ್ಲಿ ಬಂತು. ಹಾಕಿ ಇಂಡಿಯಾ ಲೀಗ್‌ನ ಮೊದಲ ಹರಾಜು. ಸರ್ದಾರ್ ಸಿಂಗ್ ಅವರನ್ನು ದೆಹಲಿ ತಂಡ 78,000 ಡಾಲರ್‌ಗೆ ಪಡೆಯಿತು. ಅವರ ಬೆನ್ನಿಗೇ ಕೊಡಗಿನ ರಘುನಾಥ್: ಉತ್ತರ ಪ್ರದೇಶ ವಿಝರ್ಡ್ಸ್ ತಂಡಕ್ಕೆ 76,000 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 41 ಲಕ್ಷ ರೂಪಾಯಿ. ಸುನಿಲ್ ಅವರನ್ನು ಪಂಜಾಬ್ ತಂಡ 42,000 ಡಾಲರ್‌ಗೆ ಕೊಂಡಿತು.

ಊರಲ್ಲಿ ಹೆಮ್ಮೆಯಾಗದೆ ಇರುತ್ತದೆಯೇ? ಪೆನಾಲ್ಟಿ ಕಾರ್ನರ್ ಹೊಡೆತಕ್ಕೆ ಇಷ್ಟು ಬೆಲೆ ಇದೆ ಎಂದು ಮೊದಲ ಬಾರಿಗೆ ಗೊತ್ತಾಯಿತು. ಮೂವತ್ತು ವರ್ಷ ಹಿಂದಿನ ಆಟಗಾರರಿಗೆ ಸಿಗದ ಭಾಗ್ಯ ಅದು.

ಗೆದ್ದವರು ಯಾರು? 2013ರ ಮೊದಲ ಲೀಗ್‌ನ ಫೈನಲ್‌ನಲ್ಲಿ ರಾಂಚಿ ರೈನೋಸ್ ತಂಡ ದೆಹಲಿಯನ್ನು 2-1ರಿಂದ ಸೋಲಿಸಿತು. ಅತಿ ದುಬಾರಿ ಆಟಗಾರನಿದ್ದ ತಂಡ ಸೋತಿತು ಎಂದು ಖುಷಿಪಡುವ ಮೊದಲು ಇದನ್ನೂ ನೋಡಬೇಕು: ರಾಂಚಿಯವರೂ ಜರ್ಮನಿಯ ಮೊರಿಟ್ಜ್ ಫುರ್ಸ್ಟೆಗೆ 75,500 ಡಾಲರ್ ಕೊಟ್ಟಿದ್ದರು. ಅದರ ಜೊತೆಗೆ 18 ವರ್ಷದ ಮಂದೀಪ್ ಸಿಂಗ್ ಅಂಥ ಹೊಸ ಹುಡುಗ ಅದೇ ತಂಡದಲ್ಲಿ ಮಿಂಚಿದ. ಹಣ ಬೇಕು, ಹಣ ಸಾಲದು ಎಂಬ ಎರಡೂ ಮಾತು ಅಲ್ಲಿ ನಿಜವಾಯಿತು.

ಲೀಗ್ 2017ರ ನಂತರ ನಿಂತೇಹೋಯಿತು. ಮತ್ತೆ ಶುರುವಾಗಿದ್ದು 2024ರ ಡಿಸೆಂಬರ್‌ನಲ್ಲಿ. ನಡುವಿನ ಏಳು ವರ್ಷ ಆ ಮಾರುಕಟ್ಟೆಯೇ ಇರಲಿಲ್ಲ. ಹಣದ ಆಟದ ಗುಣ ಇದು. ಲಾಭ ಕಾಣದಿದ್ದರೆ ಅಂಗಡಿ ಮುಚ್ಚುತ್ತದೆ.

ಕೌಟುಂಬಿಕ ಹಾಕಿಯೂ ನಿಂತದ್ದುಂಟು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದ ಮೇಲೆ 2019ರಲ್ಲಿ ಕಪ್ ನಡೆಯಲಿಲ್ಲ. ಆಮೇಲೆ ಕೊರೊನಾ. 2020ರಲ್ಲಿ ಕುಟ್ಟಪ್ಪನವರೂ ತೀರಿಕೊಂಡರು. 2018ರಲ್ಲಿ ಎಂಟನೇ ಕ್ಲಾಸಿನಲ್ಲಿದ್ದ ಮಕ್ಕಳು ಮತ್ತೆ ಮನೆ ಹೆಸರಿನ ಜೆರ್ಸಿ ಹಾಕುವ ಹೊತ್ತಿಗೆ ಡಿಗ್ರಿಯಲ್ಲಿದ್ದರು. ಆದರೂ 2023ರಲ್ಲಿ 336 ಒಕ್ಕಗಳು ಮೈದಾನಕ್ಕೆ ಬಂದವು. ಯಾರೂ ಯಾರಿಗೂ ಸಂಬಳ ಕೊಟ್ಟು ಕರೆಸಿದ್ದಲ್ಲ.

ಸುಂಟಿಕೊಪ್ಪದ ಚೆಂಡು

ಫುಟ್‌ಬಾಲ್‌ಗೂ ಕೊಡಗಿನಲ್ಲಿ ಒಂದು ಹಳೆಯ ಅಂಗಳವಿದೆ. ಸುಂಟಿಕೊಪ್ಪದಲ್ಲಿ ಬ್ಲೂ ಬಾಯ್ಸ್ ಯುವಕ ಸಂಘದವರು ಡಿ. ಶಿವಪ್ಪ ಸ್ಮರಣಾರ್ಥ ನಡೆಸುವ ಗೋಲ್ಡ್ ಕಪ್‌ಗೆ ಕೇರಳ, ತಮಿಳುನಾಡು, ಮೈಸೂರು, ಬೆಂಗಳೂರು ಕಡೆಯ ತಂಡಗಳೂ ಬರುತ್ತವೆ. ಇಲ್ಲಿ ಮನೆ ಹೆಸರು ಕೇಳುವುದಿಲ್ಲ. ಆಡಲು ಬಂದರೆ ಸಾಕು.

ಗಡಿಯಾಚೆಯ ಮಲಬಾರ್‌ನಲ್ಲಿ ಏಳು ಜನರ ಫುಟ್‌ಬಾಲ್ ದೊಡ್ಡ ವ್ಯವಹಾರ. ಅಲ್ಲಿನ ತಂಡಗಳು ನೈಜೀರಿಯಾ, ಘಾನಾ ದೇಶಗಳಿಂದ ಆಟಗಾರರನ್ನು ಸೀಸನ್‌ಗೆ ಕರೆಸಿ ಪಂದ್ಯಕ್ಕಿಷ್ಟು ಎಂದು ಕೊಡುತ್ತವೆ. ಟಿಕೆಟ್ ಕೊಂಡು ಸಾವಿರಾರು ಜನ ನೋಡುತ್ತಾರೆ. ಆಟದ ಮಟ್ಟ ಏರುತ್ತದೆ, ಗ್ಯಾಲರಿ ತುಂಬುತ್ತದೆ. ಆದರೆ ಗೆಲ್ಲಲೇಬೇಕೆಂಬ ಹಟಕ್ಕೆ ಬಿದ್ದ ತಂಡ ಊರಿನ ಹುಡುಗನನ್ನು ಬೆಂಚಿನಲ್ಲಿ ಕೂರಿಸುತ್ತದೆ. ಕೂತವನು ಎರಡು ವರ್ಷ ನೋಡಿ ಆಮೇಲೆ ಬೂಟು ಬಿಚ್ಚಿಡುತ್ತಾನೆ.

ಐದು ಪೈಸೆಯ ಲೆಕ್ಕ

ಇಷ್ಟು ನೋಡಿದ ಮೇಲೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಹಣ ಆಟಗಾರನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತದೆ. ಅವನನ್ನು ಚೆನ್ನಾಗಿ ಸಾಕುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಎಂಟು ವರ್ಷದ ಮಗುವಿನ ಕೈಗೆ ಮೊದಲ ಸ್ಟಿಕ್ ಕೊಡುವುದು ಆ ಹಣವಲ್ಲ. ಆ ಕೆಲಸ ನಡೆಯುವುದು ಊರಿನ ಶಾಲೆಯಲ್ಲಿ, ಒಬ್ಬ ದೈಹಿಕ ಶಿಕ್ಷಕರಿಂದ, ಯುವಕ ಸಂಘದಿಂದ, ರಜೆಗೆ ಬಂದ ಚಿಕ್ಕಪ್ಪನಿಂದ. ಅದಕ್ಕೆ ಬಿಲ್ ಆಗುವುದಿಲ್ಲ.

ವಿಶ್ವ ಫುಟ್‌ಬಾಲ್‌ನಲ್ಲಿ ಇದಕ್ಕೊಂದು ಪರಿಹಾರ ಹುಡುಕಿದ್ದಾರೆ. ಫಿಫಾ ನಿಯಮದ ಪ್ರಕಾರ ಒಪ್ಪಂದದ ನಡುವೆ ಆಟಗಾರನೊಬ್ಬ ಹಣಕ್ಕೆ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದರೆ, ಆ ಮೊತ್ತದಲ್ಲಿ ನೂರಕ್ಕೆ ಐದು ಪಾಲು ಅವನು 12ರಿಂದ 23 ವರ್ಷದವರೆಗೆ ಆಡಿ ಕಲಿತ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು. ರೂಪಾಯಿಗೆ ಐದು ಪೈಸೆ. ಕಲಿಸಿದವರಿಗೂ ಒಂದು ಪಾಲಿದೆ ಎಂದು ಒಪ್ಪಿಕೊಂಡ ಮಾತು ಅದು.

ನಮ್ಮಲ್ಲಿ ನೌಕರಿ ಕೊಟ್ಟು ಕರೆದೊಯ್ಯುವ ಸಂಸ್ಥೆಯಾಗಲಿ, ಸೀಟು ಕೊಟ್ಟು ಸೇರಿಸಿಕೊಳ್ಳುವ ಕಾಲೇಜಾಗಲಿ ಹುಡುಗ ಕಲಿತ ಶಾಲೆಗೆ ಒಂದು ಡಜನ್ ಸ್ಟಿಕ್, ಒಂದು ಗೋಲ್ ನೆಟ್ ಕೊಡಿಸಿದರೆ ಯಾರೂ ಬಡವಾಗುವುದಿಲ್ಲ. ಗೆದ್ದ ಆಟಗಾರನಿಗೆ ಸನ್ಮಾನ ಮಾಡುವ ದಿನ ಅವನಿಗೆ ಕಲಿಸಿದ ಶಾಲೆಯ ಮೈದಾನಕ್ಕೆ ಇಷ್ಟು ಎಂದು ಘೋಷಿಸುವುದೂ ಸರ್ಕಾರಕ್ಕೆ ಕಷ್ಟವಲ್ಲ. ಕಪ್ ನಡೆಸಲು ವಂತಿಗೆ ಎತ್ತುವ ಒಕ್ಕಗಳು ಅದರಲ್ಲಿ ಒಂದು ಪಾಲನ್ನು ಮನೆ ಹೆಸರು ಕೇಳದೆ ಊರಿನ ಎಲ್ಲ ಮಕ್ಕಳ ಬೇಸಿಗೆ ಶಿಬಿರಕ್ಕೆ ತೆಗೆದಿಟ್ಟರೆ, ಆ ಗೋಡೆಯಲ್ಲಿ ಒಂದು ಬಾಗಿಲು ತೆರೆದಂತಾಗುತ್ತದೆ.

ಹುಡುಗರು ಹೋಗಲಿ. ಮುಂಬೈಗೆ ಹೋಗಲಿ, ಮೂಡುಬಿದಿರೆಗೆ ಹೋಗಲಿ, ಹರಾಜಿನಲ್ಲಿ ಒಳ್ಳೆಯ ಬೆಲೆಗೇ ಹೋಗಲಿ. ತಡೆಯಲು ನಾವು ಯಾರು? ಆದರೆ ಅವರು ಬಿಟ್ಟುಹೋದ ಜಾಗದಲ್ಲಿ ಇನ್ನೊಂದು ಮಗು ನಿಲ್ಲಬೇಕಲ್ಲ. ನಿಮ್ಮ ಊರಿನ ಶಾಲೆಯ ಮೈದಾನದಲ್ಲಿ ಇವತ್ತು ಸಂಜೆ ಎಷ್ಟು ಮಕ್ಕಳು ಆಡುತ್ತಿದ್ದಾರೆ, ಅವರ ಕೈಯಲ್ಲಿ ಎಷ್ಟು ಸ್ಟಿಕ್ ಇವೆ, ಒಮ್ಮೆ ನೋಡಿ ಬನ್ನಿ. ಇನ್ನು ಹತ್ತು ವರ್ಷಕ್ಕೆ ಕೊಡಗಿನ ಹಾಕಿ ಹೇಗಿರುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.